ಝಕಾತ್ ಪಟ್ಟಿಯಲ್ಲಿ ತಂಗಿಯ ಹೆಸರು



ಜುಮಾ ಸಫ್‌ಗಳಲ್ಲಿ ಕುಳಿತವರು ಗಂಡಸರು. ಇಂದಿನ ಮಾತು ಮನೆಯ ಹೆಣ್ಣುಮಕ್ಕಳ ಹಕ್ಕಿನದು. ಆದ್ದರಿಂದ ಇದನ್ನು ಅವರಿಗೂ ಓದಿ ಹೇಳಿ.

ಕಳೆದ ರಮಝಾನಿನಲ್ಲಿ ತರಾವೀಹ್ ಮುಗಿದ ಮೇಲೆ ಒಬ್ಬ ಸಹೋದರರು ಝಕಾತ್ ಪಟ್ಟಿ ಹಿಡಿದು ಬಂದರು. ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಶೇಕಡಾ ಎರಡೂವರೆಯಲ್ಲಿ ಒಂದು ರೂಪಾಯಿ ಬಿಡುವವರಲ್ಲ. ಪಟ್ಟಿಯ ಮೊದಲ ಹೆಸರು ಅವರ ಸ್ವಂತ ತಂಗಿಯದು, ಎದುರಿಗೆ ಐದು ಸಾವಿರ ರೂಪಾಯಿ. "ವಿಧವೆ, ಹಝ್ರತ್. ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡ್ತಾಳೆ. ತಂಗಿಗೆ ಝಕಾತ್ ಆಗುತ್ತಾ?" ಎಂದರು.

ಆಗುತ್ತದೆ. ತಂದೆ-ತಾಯಿಗೆ, ಮಕ್ಕಳು-ಮೊಮ್ಮಕ್ಕಳಿಗೆ, ಹೆಂಡತಿಗೆ ಕೊಡುವಂತಿಲ್ಲ. ಬಡ ಅಕ್ಕ-ತಂಗಿಯರಿಗೆ ಕೊಟ್ಟರೆ ಎರಡು ಪುಣ್ಯ, ದಾನದ್ದೊಂದು, ರಕ್ತಸಂಬಂಧ ಉಳಿಸಿದ್ದೊಂದು. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಬಾಯಿ ತಡೆಯಲಿಲ್ಲ. "ಅಬ್ಬಾ ತೀರಿಕೊಂಡಾಗ ಮನೆ ಪಾಲಾಯಿತಾ?" ಎಂದು ಕೇಳಿದೆ. "ತಂಗಿ ಸಹಿ ಹಾಕಿಕೊಟ್ಟಳು" ಎಂದರು.

ಹಕ್ಕು ಬಿಡುಗಡೆ ಪತ್ರದ ಆ ಸಹಿ ಯಾವ ಮನೆಯಲ್ಲಿ ಆಗಿಲ್ಲ ಹೇಳಿ? ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ ಅವಳಿಗೆ. ಹಬ್ಬಕ್ಕೆ ಕರೆಯುವವರಿಲ್ಲ, ಗಂಡ ಹೊಡೆದರೆ ಕೇಳುವವರಿಲ್ಲ. ಆ ಭಯದಲ್ಲಿ ಹಾಕಿದ ಸಹಿಗೆ ನಾವು 'ಖುಷಿಯಿಂದ ಬಿಟ್ಟುಕೊಟ್ಟಳು' ಎಂದು ಹೆಸರಿಟ್ಟಿದ್ದೇವೆ. ಮೊದಲು ಪಾಲು ಅವಳ ಕೈ ಸೇರಲಿ. ಆಮೇಲೆ ಮನಸಾರೆ ವಾಪಸ್ ಕೊಟ್ಟರೆ ಅದು ಬೇರೆ ಮಾತು.

ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಅವರ ಸಹೋದರ ಆಸ್ತಿಯನ್ನೆಲ್ಲ ತೆಗೆದುಕೊಂಡ. ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿ ಬಂದರು. ಕೈಯಲ್ಲಿ ಏನೂ ಇಲ್ಲದ ಈ ಮಕ್ಕಳನ್ನು ಯಾರು ಮದುವೆಯಾಗುತ್ತಾರೆ ಎಂದು ಅಹವಾಲು ಹೇಳಿಕೊಂಡರು. ಆಗ ಸೂರಃ ಅನ್ನಿಸಾದ ವಾರಸುದಾರಿಕೆಯ ಆಯತ್ ಅವತೀರ್ಣವಾಯಿತು. ಪ್ರವಾದಿ(ಸ) ಆ ಸಹೋದರನನ್ನು ಕರೆಸಿ, ಮೂರರಲ್ಲಿ ಎರಡು ಭಾಗ ಹೆಣ್ಣುಮಕ್ಕಳಿಗೆ, ಎಂಟನೇ ಒಂದು ಭಾಗ ಅವರ ತಾಯಿಗೆ ಕೊಡಿಸಿ, ಉಳಿದದ್ದು ನಿನ್ನದು ಎಂದರು. ತಿರ್ಮಿದಿ, ಅಬೂದಾವೂದ್‌ನಲ್ಲಿ ಇದರ ವರದಿಯಿದೆ. ಕಾನೂನು ಇಳಿದು ಬಂದದ್ದೇ ಒಬ್ಬ ವಿಧವೆ ಬಾಯಿಬಿಟ್ಟು ಕೇಳಿದ ಮೇಲೆ. ಪಾಲು ಕೇಳುವ ಹೆಣ್ಣನ್ನು ದುರಾಸೆಯವಳು ಎನ್ನುವವರು ಇದನ್ನು ನೆನಪಿಡಬೇಕು.

ಕಾಲೇಜಿನ ಹುಡುಗಿಯರು ನನ್ನನ್ನು ಕೇಳುತ್ತಾರೆ, ಗಂಡಿಗೆ ಎರಡು, ಹೆಣ್ಣಿಗೆ ಒಂದು ಯಾಕೆ ಎಂದು. ಮನೆ ಸಾಕುವ ಹೊಣೆ ಗಂಡಿನ ಮೇಲಿದೆ, ಹೆಣ್ಣಿನ ಮಹ್ರ್, ಸಂಪಾದನೆ ಪೂರ್ತಿ ಅವಳದೇ ಎಂದು ಉತ್ತರಿಸುತ್ತೇನೆ. ಆದರೆ ಹೇಳುವಾಗ ನಾಚಿಕೆಯಾಗುತ್ತದೆ. ಆ ಒಂದನ್ನಾದರೂ ನಾವು ಕೊಟ್ಟಿದ್ದೇವೆಯೇ?

'ಮದುವೆಗೆ ಅಷ್ಟೊಂದು ಖರ್ಚು ಮಾಡಿದೆವಲ್ಲ' ಎನ್ನುತ್ತಾರೆ. ಅದು ತಂದೆ ಬದುಕಿದ್ದಾಗ ಕೊಟ್ಟ ಕೊಡುಗೆ. ವಾರಸು ಶುರುವಾಗುವುದು ಅವರ ಮರಣದ ನಂತರ. ಇನ್ನು ಭದ್ರಾ ನಾಲೆಯ ಗದ್ದೆ ಇರುವವರ ವಾದವೇ ಬೇರೆ. 1937ರ ಶರೀಅತ್ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟಿದೆಯಂತೆ. ಇಟ್ಟಿರುವುದು ನಿಜ. ಆದರೆ ಅನ್ನಿಸಾದ ಏಳನೇ ಆಯತ್ ಆಸ್ತಿ ಸ್ವಲ್ಪವಿರಲಿ ಹೆಚ್ಚಿರಲಿ ಹೆಣ್ಣಿಗೂ ಪಾಲಿದೆ ಎನ್ನುತ್ತದೆ. ಗದ್ದೆ, ಸೈಟು ಎಂದು ಬೇರೆ ಮಾಡಿಲ್ಲ. ಉಳಿದೆಲ್ಲಕ್ಕೂ ಶರೀಅತ್ ಬೇಕು, ಗದ್ದೆಗೆ ಮಾತ್ರ ಬೇಡವೇ?

ಇಲ್ಲಿ ಮಂಡಿ ಸಾಹುಕಾರರ ಭುಜಕ್ಕೆ ಹಮಾಲರ ಭುಜ ತಾಗಿರುತ್ತದೆ. ಅದು ನಮಗೆ ಹೆಮ್ಮೆ. ಸಲಾಮ್ ಹೇಳಿ ಎದ್ದ ಮೇಲೆ ಅದೇ ಸಾಹುಕಾರರ ಒಡಹುಟ್ಟಿದವಳು ಝಕಾತಿಗೆ ಸಾಲು ನಿಲ್ಲುತ್ತಾಳೆ.

ಆ ರಾತ್ರಿ ಪಟ್ಟಿಯ ಹಿಂದೆಯೇ ಲೆಕ್ಕ ಬರೆದೆವು. ತಾಯಿ ಮೊದಲೇ ತೀರಿಕೊಂಡಿದ್ದರು, ಸಾಲವಿರಲಿಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು: ಒಟ್ಟು ಐದು ಪಾಲು, ಅವಳದು ಒಂದು. ಮನೆಯ ಬೆಲೆ ಐವತ್ತು ಲಕ್ಷ ಎಂದು ಅವರೇ ಹೇಳಿದರು. ತಂಗಿಯದು ಹತ್ತು ಲಕ್ಷ. ಅವಳ ಹತ್ತು ಲಕ್ಷ ಇಟ್ಟುಕೊಂಡು ಐದು ಸಾವಿರ ಕೊಟ್ಟರೆ ಅದು ಝಕಾತ್ ಅಲ್ಲ, ಸಾಲದ ಕಂತು ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ "ಅಣ್ಣನ ಜೊತೆ ಕೂತು ಮಾತಾಡಬೇಕು" ಎಂದು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಆ ಅಣ್ಣನೂ ಇಂದು ಇಲ್ಲಿ ಕುಳಿತಿರಬಹುದು.

ಅಸರ್ ನಂತರ ಮಗ್ರಿಬ್‌ವರೆಗೆ ನಾನು ಮಸೀದಿಯಲ್ಲೇ ಇರುತ್ತೇನೆ. ಮನೆ-ಜಮೀನಿನ ಕಾಗದ ತನ್ನಿ, ಪಾಲು ಲೆಕ್ಕ ಮಾಡಿಕೊಡುತ್ತೇನೆ. ಅಕ್ಕ-ತಂಗಿಯರನ್ನೂ ಕರೆತನ್ನಿ. ಅವರು ಕೂರಲು ಪಕ್ಕದ ಮದರಸಾ ಕೋಣೆ ತೆರೆದಿರುತ್ತದೆ.