ಸೊನ್ನೆಯನ್ನೂ ಬರೆಯಿರಿ

ಮೊರಬದ ಈ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನೆಗೆ ಕರೆದಿದ್ದೀರಿ, ಸಂತೋಷ. ಒಳಗೆ ರಾಕೆಟ್ ಇದೆ, ಜ್ವಾಲಾಮುಖಿ ಇದೆ. ಮಾಡಿದ ಮಕ್ಕಳೇ ಅವನ್ನು ನಿಮಗೆ ವಿವರಿಸುತ್ತಾರೆ. ನಾನು ನೌಕರಿಯುದ್ದಕ್ಕೂ ಮಳೆಯ ಲೆಕ್ಕ ಬರೆದವನು, ಮಳೆಯ ಮಾತನ್ನೇ ಆಡುತ್ತೇನೆ.

ಅರಬ್ಬೀ ಸಮುದ್ರದಿಂದ ನೀರಾವಿ ಹೊತ್ತು ಬರುವ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಆವಿ ಹನಿಗೂಡುತ್ತದೆ. ಇಲ್ಲಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನೊಳಗಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ ಸುಮಾರು 5000 ಮಿ.ಮೀ. ಮಳೆಯಾಗುತ್ತದೆ. ಘಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ನಮ್ಮ ನವಲಗುಂದ ತಾಲೂಕಿನ ಪಾಲಿಗೆ ಬರುವುದು 600ರ ಆಸುಪಾಸು. ಅದರಲ್ಲೂ ಬಹಳಷ್ಟು ಗುಡುಗುಮೋಡದ ಮಳೆ. ಅಂಥ ಮೋಡದ ಅಗಲ ಕೆಲವೇ ಕಿಲೋಮೀಟರ್. ಹಳ್ಳದ ಈ ದಂಡೆಗೆ ಮಳೆ, ಆ ದಂಡೆಗೆ ಬಿಸಿಲು. "ಊರಾಗ ಮಳಿ ಆಗೇತ್ರೀ, ನಮ್ಮ ಹೊಲದಾಗ ಹನಿ ಇಲ್ಲ" ಎಂದು ನೀವು ಹೇಳುವುದು ಪೂರಾ ಖರೆ.

ನಮ್ಮ ಅಪ್ಪ ಮಳೆ ನಿಂತ ಮರುದಿನ ಹೊಲಕ್ಕೆ ಹೋಗಿ ಎರಿ ಮಣ್ಣನ್ನು ಗೇಣುದ್ದ ಅಗೆದು, ಒಂದು ಹಿಡಿ ಹಿಂಡಿ ನೋಡುತ್ತಿದ್ದರು. ಉಂಡೆಯಾದರೆ ಬಿತ್ತಿಗೆ, ಪುಡಿಯಾಗಿ ಉದುರಿದರೆ ಇನ್ನೊಂದು ಮಳೆಗೆ ಕಾಯುವುದು. ಹಿಂಗಾರಿಯ ಕಡಲೆ, ಬಿಳಿಜೋಳ ಬೆಳೆಯುವುದೇ ಎರಿ ಹಿಡಿದಿಟ್ಟ ಹಸಿಯ ಮೇಲೆ, ಹಾಗಾಗಿ ಅವರು ನೋಡಿದ್ದೂ ಅಳತೆಯೇ. ಆದರೆ ಯಾರೂ ಬರೆದಿಡಲಿಲ್ಲ. ಯಾವ ವರ್ಷ ಹಸ್ತಾ ಮಳೆ ಕೈಕೊಟ್ಟಿತು, ಯಾವ ವರ್ಷ ಮಿರಗದ ಮಳೆ ತಡವಾಯಿತು, ಎಲ್ಲ ಅವರೊಂದಿಗೇ ಹೋಯಿತು.

ಈಗ ಬರೆದಿಡಲೇಬೇಕಾದ ಕಾಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದದ್ದನ್ನು ಒಮ್ಮೆಲೆ ಸುರಿಯಬಲ್ಲದು. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಹೊಲಗಳಿಗೆ ನುಗ್ಗಿದ್ದನ್ನು ಈ ಸೀಮೆ ಕಂಡಿದೆ. ತಿಂಗಳ ಮೊತ್ತ ಸರಿಯಿದ್ದರೂ ಎರಡೇ ದಿನದಲ್ಲಿ ಸುರಿದು ಹೋದ ಮಳೆ ಹೆಸರು ಬೆಳೆಗೂ ಇಲ್ಲ, ಹತ್ತಿಗೂ ಇಲ್ಲ. ಇದು ಗೊತ್ತಾಗಲು ದಿನದ ಲೆಕ್ಕ ಬೇಕು.

ನನ್ನ ಚಿಂತೆ ಇಷ್ಟೇ. ಹಿಂದೆ ಒಂದು ಕಡೆ ಮಳೆಯ ಹಳೇ ದಫ್ತರ ತೆರೆದು ನೋಡಿದೆ. ಜುಲೈ ತಿಂಗಳ ಪುಟದಲ್ಲಿ ಸಾಲುಸಾಲು ಮನೆ ಖಾಲಿ. ಮಳೆ ಆಗಲಿಲ್ಲವೋ, ಅಳೆಯುವವರು ಬರಲಿಲ್ಲವೋ, ಹೇಳುವವರಿಲ್ಲ. ಮಕ್ಕಳೇ, ಮಳೆ ಆಗದ ದಿನವೂ ಸೊನ್ನೆ ಬರೆಯಬೇಕು. ಬರ ಬಂದಾಗ ಸಾಕ್ಷಿ ಹೇಳುವುದು ಆ ಸೊನ್ನೆಗಳು. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದೂ ಮಳೆಮಾಪಕದ ಅಂಕಿಯ ಮೇಲೆ. ಸರ್ಕಾರದ ಸ್ವಯಂಚಾಲಿತ ಮಾಪಕಗಳಿವೆ, ಇರಲಿ. ಶಾಲೆಯದೂ ಒಂದಿರಲಿ, ಎರಡನ್ನೂ ತಾಳೆ ನೋಡಬಹುದು.

ಕೆಲಸ ದೊಡ್ಡದಲ್ಲ. ಮರ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ನೆಡಬೇಕು. ದಿನಾ ಬೆಳಿಗ್ಗೆ 8:30ಕ್ಕೆ ಅಳೆಯಬೇಕು, ರವಿವಾರವೂ. ಒಂದು ಮಿ.ಮೀ. ಮಳೆಯೆಂದರೆ ಒಂದು ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು. ಗಣಿತದ ಗುರುಗಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಒಂದು ಮಳೆಮಾಪಕ ತಂದಿದ್ದೇನೆ. ಟೇಪು ಕತ್ತರಿಸಿದ ಮೇಲೆ ಎಂಟನೇ ತರಗತಿಯ ಇಬ್ಬರು ನನ್ನ ಜೊತೆ ಮೈದಾನಕ್ಕೆ ಬನ್ನಿ, ಜಾಗ ನೋಡೋಣ. ಉಳಿದವರು ಒಳಗೆ ನಡೆಯಿರಿ, ಪ್ರದರ್ಶನ ಶುರುವಾಗಿರುತ್ತದೆ.