ಮಾಮಾನ ಹಳೇ ಲೆನ್ಸಿಗೆ ಹಗುರ ಕ್ಯಾಮೆರಾ ಹುಡುಕಿದ್ದು

ಚಿಗರಿ ಬಸ್ಸಿನಾಗ ನಿಂತು ಕೇಳ್ತಿರೋರಿಗೂ, ರಾತ್ರಿ ಲೈಟ್ ಆರಿಸಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೂ ಸ್ವಾಗತ.

ಇವತ್ತಿನ ಮಾತು ಕ್ಯಾಮೆರಾ ಬಗ್ಗೆ. ಗಾಬರಿ ಆಗಬ್ಯಾಡ್ರಿ, ಹೊಸ ಮಾಡೆಲ್ಲಿನ ರಿವ್ಯೂ ಅಲ್ಲ. ನಾನು ಓದಿದ್ದು ಬಿ.ಕಾಂ. ಈ ವಿಷಯ ಮಾತಾಡಲಿಕ್ಕೆ ನನಗಿರೋ ಅರ್ಹತೆ ಒಂದೇ. ಇದರಲ್ಲಿ ನಾನು ತಪ್ಪು ಮಾಡಿದ್ದೀನಿ, ರೊಕ್ಕ ಕಳಕೊಂಡಿದ್ದೀನಿ, ನಮ್ಮ ಮಾಮಾನ ಒಂದು ಕೆಲಸಾನೂ ಕೆಡಿಸಿದ್ದೀನಿ. "ಮನ್ಯಾಗ ಅಪ್ಪನ ಹಳೇ ಲೆನ್ಸ್ ಅದಾವ್ರಿ, ಅವಕ್ಕ ಹೊಂದೋ ಹಗುರಾದ ಬಾಡಿ ಯಾವುದು?" ಅಂತ ನಿಮ್ಮಲ್ಲಿ ಹಲವರು ಕೇಳ್ತಾ ಇರ್ತೀರಿ. ಅದಕ್ಕೆ ಉತ್ತರ ಅಂತ ಇದನ್ನ ಹೇಳ್ತೀನಿ.

ಮಾಮಾ ಅಂದ್ರ ನಮ್ಮವ್ವನ ಅಣ್ಣ. ಧಾರವಾಡದಾಗ ರೀಲ್ ಕಾಲದಿಂದ ಲಗ್ನದ ಫೋಟೋ ತೆಗೀತಾ ಬಂದವರು. ಈಗ 61 ವಯಸ್ಸು. ಎಡ ಹೆಗಲಿಗೆ ನಿಕಾನ್ ಡಿ750, ಅದಕ್ಕ 24-120 ಲೆನ್ಸ್. ಬಲ ಹೆಗಲಿಗೆ ಎರಡನೇ ಕ್ಯಾಮೆರಾ, 2008ರ ಡಿ700, ಅದರ ಮೂತಿಗೆ 80-200 ಎಫ್ 2.8. ಲಗ್ನದ ಫೋಟೋಗ್ರಾಫರ್‌ಗೆ ಎರಡು ಬಾಡಿ ಶೋಕಿಗಲ್ಲ. ಅಕ್ಕಿಕಾಳು ಬೀಳೋ ಹೊತ್ತಿಗೆ ಲೆನ್ಸ್ ಬಿಚ್ಚಿ ಇನ್ನೊಂದು ಹಾಕ್ಕೊಂತ ಕುಂತ್ರ ಅಷ್ಟರಾಗ ಲಗ್ನ ಮುಗಿದಿರ್ತೈತಿ. ಒಂದು ಕ್ಯಾಮೆರಾ ಕೈಕೊಟ್ಟರೆ ಇನ್ನೊಂದು ಇರಲೇಬೇಕು, ಅದೂ ಒಂದು ಕಾರಣ.

ಒಂದಿನ ಮಾಮಾ ಊಟಕ್ಕ ಕುಂತಾಗ ಬಲಗೈ ಎತ್ತಲಿಕ್ಕೆ ಆಗದೆ ಎಡಗೈಯಿಂದ ನೀರಿನ ತಂಬಿಗಿ ತಗೊಂಡ್ರು. ನಾನು ನೋಡಿದೆ. ಮಾಮಿ ಮೊದಲೇ ನೋಡಿದ್ಲಂತ, ಹೇಳಿರಲಿಲ್ಲ ಅಷ್ಟೇ. ಡಾಕ್ಟರ್ ಹೇಳಿದ್ದು ಎರಡೇ ಮಾತು: ಭುಜದ ವ್ಯಾಯಾಮ ಮಾಡಿ, ಭಾರ ಇಳಿಸಿ. ಮಾಮಾ ವ್ಯಾಯಾಮ ಮಾಡಿದ್ರು, ಭಾರ ಇಳಿಸಲಿಲ್ಲ. "ಈ ಸೀಜನ್ ಮುಗೀಲಿ" ಅಂದ್ರು. ಆ ಮಾತು ನಾನು ಮೂರು ಸೀಜನ್ ಕೇಳಿದ್ದೀನಿ.

ಅದಕ್ಕ ನಾನೇ ಅವರ ಹುಟ್ಟುಹಬ್ಬಕ್ಕ, ಅವರಿಗೆ ಹೇಳದೇ, ಸೆಕೆಂಡ್ ಹ್ಯಾಂಡ್ ಡಿ5600 ತಗೊಂಡೆ. ಕಂಪನಿ ನಿಕಾನೇ, ಮೌಂಟ್ ಅದೇ, ಹಳೇ ಲೆನ್ಸ್ ಟಕ್ ಅಂತ ಕೂಡ್ತಾವ. ತೂಕ 415 ಗ್ರಾಂ. ಡಿ700 ಬರೇ ಬಾಡಿ 995 ಗ್ರಾಂ. ಅರ್ಧಕ್ಕಿಂತ ಕಡಿಮಿ! ಮುಂದೆ ಹೇಳೋ ನಿಕಾನ್ ಬಾಡಿಗಳ ತೂಕನೂ ಬ್ಯಾಟರಿ ಬಿಟ್ಟು ಹೇಳ್ತೀನಿ, ಹೋಲಿಸಲಿಕ್ಕೆ ಸುಲಭ. ಅದರ ಜೊತಿ ಬಂದ 18-55 ಲೆನ್ಸ್ ಹಾಕಿ ಮನೆ ಬೆಕ್ಕಿನ ನಾಲ್ಕು ಫೋಟೋ ತೆಗೆದೆ. ಚೊಲೋ ಬಂದ್ವು. ಅಷ್ಟೇ ನನ್ನ ಟೆಸ್ಟಿಂಗು.

ಮಾಮಾಗ ಭಾಳ ಖುಷಿ ಆತು. ಮರುದಿನ ವಿದ್ಯಾಗಿರಿಯಲ್ಲಿ ಒಂದು ಕುಬಸದ ಕಾರ್ಯಕ್ರಮ ಇತ್ತು. ಸಣ್ಣ ಕಾರ್ಯಕ್ರಮ ಅಂತ ಅದೊಂದನ್ನೇ ತಗೊಂಡು, ತಮ್ಮ ಪ್ರೀತಿಯ 85 ಎಂಎಂ ಎಫ್ 1.8 ಡಿ ಲೆನ್ಸ್ ಹಾಕ್ಕೊಂಡು ಹೋದ್ರು. ಅಲ್ಲಿ ಬಟನ್ ಒತ್ತಿದ್ರ ಫೋಕಸ್ ಆಗವಲ್ದು. ಲೆನ್ಸ್ ಜಪ್ಪಯ್ಯ ಅಂದ್ರೂ ಅಲುಗಾಡಲಿಲ್ಲ. ಎದುರಿಗೆ ಬಸುರಿ ಹುಡುಗಿ ಕುಂತಾಳ, ಹಳ್ಳಿಯಿಂದ ಬಂದ ಅಜ್ಜಿ ಉಡಿ ತುಂಬಲಿಕ್ಕತ್ತಾಳ, ಜನ ಮುಂದಿದ್ದಾರೆ. ಮಾಮಾ ಕೈಯಿಂದಲೇ ರಿಂಗ್ ತಿರುಗಿಸಿ ತೆಗೆದ್ರು. ಹಿಂದಿನ ಸಣ್ಣ ಪರದೆಯಲ್ಲಿ ಎಲ್ಲಾ ಸರಿ ಕಂಡಿತ್ತು. ಮನಿಗೆ ಬಂದು ಕಂಪ್ಯೂಟರಿಗೆ ಹಾಕಿದ್ರ, ಇಳಕಲ್ ಸೀರೆಯ ಸೆರಗಿನ ತೆನಿ ಎಳೆ ಎಳೆಯಾಗಿ ಕಾಣ್ತೈತಿ, ಅಜ್ಜಿ ಮುಖ ಮಸುಕು. ಒಂದಲ್ಲ, ಆ ಸಾಲಿನ ಬಹುಪಾಲು ಫೋಟೋ ಹಂಗ.

"ಏನವಾ ಇದು, ಕ್ಯಾಮೆರಾ ಕೆಟ್ಟೈತೋ ನನ್ನ ಕಣ್ಣು ಕೆಟ್ಟಾವೋ?" ಅಂದ್ರು ಮಾಮಾ. ಸಿಟ್ಟಿಂದ ಅಂದಿದ್ರ ನನಗ ಅಷ್ಟು ತ್ರಾಸ ಆಗ್ತಿರಲಿಲ್ಲ. ಅವರಿಗೆ ಹಿಂದಿನ ವರ್ಷ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಖರೇನೇ ಕಣ್ಣಿನದೇ ತಪ್ಪು ಅಂದುಕೊಂಡಿದ್ರು. ಎರಡು ದಿನ ಕ್ಯಾಮೆರಾ ಮುಟ್ಟಲಿಲ್ಲ.

ಕಣ್ಣೂ ಕೆಟ್ಟಿರಲಿಲ್ಲ, ಕ್ಯಾಮೆರಾನೂ ಕೆಟ್ಟಿರಲಿಲ್ಲ. ಲೆನ್ಸ್ ಫೋಕಸ್ ಆಗಬೇಕಂದ್ರ ಒಳಗಿನ ಗಾಜು ಹಿಂದೆ ಮುಂದೆ ಸರೀಬೇಕು. ಅದನ್ನ ಸರಿಸಲಿಕ್ಕೆ ಮೋಟಾರ್ ಬೇಕು. ಆ ಮೋಟಾರ್ ಎಲ್ಲಿರಬೇಕು ಅನ್ನೋದರಲ್ಲಿ ಎರಡು ಕಂಪನಿ ಎರಡು ದಾರಿ ಹಿಡಿದ್ವು. ಕ್ಯಾನನ್ 1987ರಲ್ಲಿ ತನ್ನ ಹಳೇ ಮೌಂಟನ್ನೇ ಕೈಬಿಟ್ಟು, ಇಎಫ್ ಅಂತ ಹೊಸದು ತಂದು, ಮೋಟಾರನ್ನ ಲೆನ್ಸಿನ ಒಳಗೇ ಇಟ್ಟಿತು. ಅವತ್ತು ಹಳೇ ಗಿರಾಕಿಗಳು ಬೈದಿರಬೇಕು. ನಿಕಾನ್ 1959ರಿಂದ ಬಂದ ಎಫ್ ಮೌಂಟನ್ನ ಬಿಡಲಿಲ್ಲ. ಮೋಟಾರನ್ನ ಬಾಡಿಯೊಳಗ ಇಟ್ಟು, ಒಂದು ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಲೆನ್ಸನ್ನ ತಿರುಗಿಸೋ ಹಂಗ ಮಾಡಿತು. ಆಮ್ಯಾಲೆ ಎಎಫ್-ಎಸ್ ಅಂತ ಮೋಟಾರ್ ಇರೋ ಲೆನ್ಸ್ ಬಂದ್ವು. ಅವು ಬಂದ ಮ್ಯಾಲೆ, 2006ರ ಡಿ40 ಇಂದ ಶುರು ಮಾಡಿ, ಅಗ್ಗದ ಹಗುರ ಬಾಡಿಗಳಿಂದ ಮೋಟಾರನ್ನ ತೆಗೆದುಬಿಟ್ರು. ಡಿ3000 ಸಾಲು, ಡಿ5000 ಸಾಲು ಎಲ್ಲಾ ಹಂಗ. ಅಂದ್ರ ನಾನು ತಂದ ಬಾಡಿಯಲ್ಲಿ ಮೋಟಾರ್ ಇಲ್ಲ, ಮಾಮಾನ ಲೆನ್ಸಿನಲ್ಲೂ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂತ ಕುಂತಿದ್ರು.

ಇದನ್ನ ಕಣ್ಣಿನಿಂದಲೇ ಕಂಡುಹಿಡೀಬಹುದು. ಬಾಡಿಯ ಲೆನ್ಸ್ ಕೂಡೋ ಲೋಹದ ಬಳೆ ನೋಡ್ರಿ. ಅದರಾಗ ಸ್ಕ್ರೂಡ್ರೈವರ್ ತುದಿ ಥರ ಸಣ್ಣದೊಂದು ಹೊರಗ ಚಾಚಿದ್ರ ಆ ಬಾಡಿಗೆ ಮೋಟಾರ್ ಐತಿ. ಲೆನ್ಸಿನ ಹಿಂದೆ ಸ್ಕ್ರೂ ತಲಿ ಹಂಗ ಗೀರು ಇದ್ರ, ಅದು ಆ ತುದಿ ಬೇಡೋ ಲೆನ್ಸು. ಹತ್ತು ಸೆಕೆಂಡಿನ ಕೆಲಸ. ನಾನು ಅದನ್ನ ಮಾಡಲಿಲ್ಲ.

"ಮಿರರ್‌ಲೆಸ್ ತಗೊಂಡು ಅಡಾಪ್ಟರ್ ಹಾಕು, ಎಲ್ಲಾ ಲೆನ್ಸ್ ನಡೀತಾವ" ಅಂತ ಗೆಳೆಯನೊಬ್ಬ ಅಂದ. ಅರ್ಧ ಖರೇ. ಮಿರರ್‌ಲೆಸ್ ಬಾಡಿಯಲ್ಲಿ ಕನ್ನಡಿ ಇಲ್ಲದ್ದಕ್ಕ ಮೌಂಟಿನಿಂದ ಸೆನ್ಸರಿಗೆ ದೂರ ಕಡಿಮಿ. ನಿಕಾನ್ ಎಫ್ ಮೌಂಟಿನಲ್ಲಿ 46.5 ಎಂಎಂ, ಹೊಸ ಝಡ್ ಮೌಂಟಿನಲ್ಲಿ 16 ಎಂಎಂ. ಮಧ್ಯದ 30.5 ಎಂಎಂ ತುಂಬಲಿಕ್ಕೆ ಒಂದು ಕೊಳವಿ ಇಟ್ರ ಹಳೇ ಲೆನ್ಸ್ ಕೂಡ್ತಾವ. ಅದೇ ಎಫ್‌ಟಿಝಡ್ ಅಡಾಪ್ಟರ್. ಆದ್ರ ಅದರೊಳಗೂ ಆ ಸ್ಕ್ರೂಡ್ರೈವರ್ ಮೋಟಾರ್ ಇಲ್ಲ! ಮೀಟರಿಂಗ್ ಆಗ್ತೈತಿ, ಅಪರ್ಚರ್ ನಡೀತೈತಿ, ಫೋಕಸ್ ಮಾತ್ರ ಕೈಯಿಂದಲೇ.

ಕ್ಯಾನನ್ ಮನಿತನದವರಿಗೆ ಈ ತಾಪತ್ರಯ ಇಲ್ಲ ನೋಡ್ರಿ. ಯಾವ ಇಎಫ್ ಲೆನ್ಸ್ ಆದ್ರೂ ಯಾವ ಇಎಫ್ ಡಿಜಿಟಲ್ ಬಾಡಿಯಲ್ಲೂ ಆಟೋಫೋಕಸ್ ಆಗ್ತೈತಿ. ಕಂಪನಿಯದೇ ಅಡಾಪ್ಟರ್ ಹಾಕಿದ್ರ ಆರ್ ಸಾಲಿನ ಮಿರರ್‌ಲೆಸ್‌ನಲ್ಲೂ ಆಗ್ತೈತಿ. ಆದ್ರ ಒಂದು ಮಜಾ ಕೇಳ್ರಿ. ಆರ್50 ಬ್ಯಾಟರಿ ಕಾರ್ಡ್ ಸೇರಿ 375 ಗ್ರಾಂ, ಅಡಾಪ್ಟರ್ 110, ಒಟ್ಟು 485. ಹಳೇ ಥರದ ಡಿಎಸ್‌ಎಲ್‌ಆರ್ 200ಡಿ ಮಾರ್ಕ್ 2 ಬ್ಯಾಟರಿ ಕಾರ್ಡ್ ಸೇರಿ 449. ಹಳೇ ಲೆನ್ಸುಗಳಿಗಾಗಿಯೇ ತಗೊಳ್ಳೋದಾದ್ರ "ಹೊಸದು ಹಗುರ" ಅನ್ನೋ ಲೆಕ್ಕ ಇಲ್ಲಿ ಉಲ್ಟಾ ಆಗ್ತೈತಿ. ಅಂಗಡಿಯವರು ಅಡಾಪ್ಟರ್ ತೂಕ ಕೂಡಿಸಿ ಹೇಳೋದಿಲ್ಲ.

ತೂಕದ ಮಾತು ಬಂತಲ್ಲ, ನನ್ನ ಎರಡನೇ ತಪ್ಪು ಅಲ್ಲೇ ಇತ್ತು. ಬಿ.ಕಾಂ ಕಡೀಗೂ ಕೆಲಸಕ್ಕ ಬಂದದ್ದು ಇಲ್ಲಿ. ಎಕ್ಸೆಲ್ ತೆಗೆದು ಬರೆದೆ. ಡಿ700 ಮತ್ತು 80-200 ಲೆನ್ಸ್: 995ಕ್ಕೆ 1300 ಕೂಡಿಸಿದ್ರ 2295 ಗ್ರಾಂ. ಈಗ ಮೋಟಾರ್ ಇರೋ ಹಗುರ ಬಾಡಿ ಹುಡುಕಿದ್ರ 675 ಗ್ರಾಂನ ಡಿ7200 ಸಿಗ್ತೈತಿ. ಅದಕ್ಕ ಅದೇ 80-200 ಹಾಕಿದ್ರ 1975. ಇಷ್ಟೆಲ್ಲಾ ಖರ್ಚು ಮಾಡಿ ಉಳಿದದ್ದು 320 ಗ್ರಾಂ! ಹೆಗಲಿಗೆ ಗೊತ್ತೇ ಆಗೋದಿಲ್ಲ. ಭಾರ ಇದ್ದದ್ದು ಬಾಡಿಯಲ್ಲಲ್ಲ, ಲೆನ್ಸಿನಲ್ಲಿ.

ಹಂಗಾದ್ರ ಮಾಮಾಗ 80-200 ಎಷ್ಟು ಬೇಕು? ಅವರ ಹಳೇ ಲಗ್ನಗಳ ಫೋಲ್ಡರ್ ತೆಗೆದು, ಯಾವ ಫೋಟೋ ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ನೋಡ್ಕೊಂತ ಹೋದೆ. ಆ ಮಾಹಿತಿ ಫೋಟೋ ಫೈಲಿನಲ್ಲೇ ಇರ್ತೈತಿ. 200ಕ್ಕ ಹೋದದ್ದು ಅಪರೂಪ. ಬಹುಪಾಲು 100ರಿಂದ 135ರ ನಡುವೆ. ಡಿ7200 ಸಣ್ಣ ಸೆನ್ಸರಿನ ಬಾಡಿ. ಅದಕ್ಕ ಹಾಕಿದ ಲೆನ್ಸ್ ಒಂದೂವರಿ ಪಟ್ಟು ಹತ್ತಿರ ತರ್ತೈತಿ. ಅವರ 85 ಎಂಎಂ ಅದರ ಮ್ಯಾಲೆ ಹೆಚ್ಚೂಕಡಿಮಿ 127ರ ಹಂಗ ಕಾಣ್ತೈತಿ. ಆ ಲೆನ್ಸ್ ತೂಕ 380 ಗ್ರಾಂ. ಬಾಡಿ ಸೇರಿ 1055. ಒಂದೂಕಾಲು ಕಿಲೋಕ್ಕೆ 10 ಗ್ರಾಂ ಕಡಿಮಿ ಉಳಿತು, ಹೊಸ ಲೆನ್ಸ್ ಒಂದೂ ತರದೇ.

ಡಿ7500 ಇನ್ನೂ 35 ಗ್ರಾಂ ಹಗುರ, ಮೋಟಾರೂ ಐತಿ. ಅದನ್ನ ಯಾಕ ಬ್ಯಾಡಂದ್ರು? ಅದರಾಗ ಕಾರ್ಡ್ ಹಾಕೋ ಜಾಗ ಒಂದೇ. ಡಿ7200ರಲ್ಲಿ ಎರಡು, ಡಿ750 ಹಂಗ. "ಕಾರ್ಡ್ ಕೈಕೊಟ್ರ ಮತ್ತ ಲಗ್ನ ಮಾಡಿಸ್ತೀಯೇನವಾ?" ಅಂದ್ರು ಮಾಮಾ. ಇನ್ನೊಂದು ಅನುಕೂಲ: ಡಿ7200ಗೂ ಡಿ750ಗೂ ಬ್ಯಾಟರಿ ಒಂದೇ ಥರದ್ದು. ಇಷ್ಟು ದಿನ ಡಿ700 ಸಲುವಾಗಿ ಬೇರೆ ಬ್ಯಾಟರಿ, ಬೇರೆ ಚಾರ್ಜರ್, ದೊಡ್ಡ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಎಲ್ಲಾ ಹೊತ್ತು ತಿರುಗ್ತಿದ್ರು. ಆ ಚೀಲಾನೂ ಇಳೀತು.

ಈ ಸಲ ಮಾಮಾನ್ನ ಕರಕೊಂಡೇ ಹೋದೆ. ಹುಬ್ಬಳ್ಳಿಗೆ ಹೋಗಿ, ಅಂಗಡಿಯಲ್ಲೇ ಅವರ ಲೆನ್ಸ್ ಹಾಕಿ ನೋಡಿದ್ವಿ. ಪರದೆ ಮ್ಯಾಲೆ "ಎಫ್ಇಇ" ಅಂತ ಬಂತು. ನನ್ನ ಎದಿ ಧಸಕ್ ಅಂತು. ಫೀ ಕೇಳ್ತೈತೇನೋ ಅಂದೆ. ಮಾಮಾ ನಕ್ಕು, ಲೆನ್ಸಿನ ಮ್ಯಾಲಿನ ಅಪರ್ಚರ್ ರಿಂಗನ್ನ ಕೇಸರಿ ಬಣ್ಣದ 16ಕ್ಕ ತಿರುಗಿಸಿ ಲಾಕ್ ಮಾಡಿದ್ರು. ಸರಿ ಆತು. ಹಳೇ ಡಿ ಲೆನ್ಸ್‌ಗಳನ್ನ ಡಿಜಿಟಲ್ ಬಾಡಿಗೆ ಹಾಕಿದಾಗ ಆ ರಿಂಗ್ ಕೊನೇ ಅಂಕಿಯಲ್ಲಿ ಇರಬೇಕು, ಇಲ್ಲಂದ್ರ ಶಟರ್ ಒತ್ತೋದೇ ಇಲ್ಲ. ಇದು ಗೊತ್ತಿಲ್ಲದೇ ಎಷ್ಟು ಒಳ್ಳೇ ಲೆನ್ಸ್ ಕೆಟ್ಟಾವ ಅಂತ ಮೂಲಿ ಸೇರ್ಯಾವೋ. ಆಮ್ಯಾಲೆ ಬಟನ್ ಒತ್ತಿದ್ರು. ಝರ್ರ್ ಅಂತ ಲೆನ್ಸ್ ತಿರುಗಿ, ರಸ್ತೆ ಆಚೆ ಚಹಾದ ಗಾಡಿಯವನ ಮುಖಕ್ಕ ಫೋಕಸ್ ನಿಂತಿತು. ಮಾಮಾ ಕ್ಯಾಮೆರಾ ಕಣ್ಣಿಂದ ತೆಗೆದು, ಆಪರೇಷನ್ ಆದ ಕಣ್ಣನ್ನ ಬೆರಳಿನಿಂದ ಒರಸಿಕೊಂಡು, ಮತ್ತೊಮ್ಮೆ ನೋಡಿದ್ರು. ಏನೂ ಅನ್ನಲಿಲ್ಲ.

ಶಟರ್ ಎಷ್ಟು ಸಲ ಹೊಡೆದೈತಿ ಅಂತ ಮಾತ್ರ ಕೇಳಿ ತಿಳ್ಕೊಂಡ್ವಿ. ಡಿ7200ರ ಶಟರನ್ನ ಕಂಪನಿ 1,50,000 ಸಲಕ್ಕ ಟೆಸ್ಟ್ ಮಾಡಿರ್ತೈತಿ. ನಮಗ ಸಿಕ್ಕದ್ದು ಅದರ ಕಾಲು ಭಾಗ ಓಡಿತ್ತು.

ಇಲ್ಲಿಗೆ ಮಿರರ್‌ಲೆಸ್ ಬ್ಯಾಡ ಅಂತ ಅಂದುಕೋಬ್ಯಾಡ್ರಿ. ನಮ್ಮೂರು ಧಾರವಾಡ. ಇಲ್ಲಿ ಲಗ್ನದಷ್ಟೇ ಸಂಗೀತದ ಬೈಠಕ್ಕುಗಳೂ ಅದಾವ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಗುರು ಸವಾಯಿ ಗಂಧರ್ವರ ಊರು ಕುಂದಗೋಳ ಹುಬ್ಬಳ್ಳಿ ಪಕ್ಕದಾಗೇ ಐತಿ. ಅಂಥಾ ಕಡೆ ಗಾಯಕರು ಆಲಾಪದಾಗ ಇದ್ದಾಗ ನೀವು ಕಟಕ್ ಅಂತ ಕನ್ನಡಿ ಹೊಡೆದ್ರ, ಮುಂದಿನ ಸಾಲಿನ ಅಜ್ಜಾರು ತಿರುಗಿ ನೋಡೋ ನೋಟ ಐತಲ್ಲ, ಅದನ್ನ ನಾನು ಅನುಭವಿಸಿದ್ದೀನಿ. ಡಿ7200 ಅಂತೂ ಫೋಕಸ್ ಮಾಡುವಾಗಲೂ ಝರ್ರ್ ಅಂತೈತಿ.

ಒಂದು ರಾತ್ರಿಗೆ ಗೆಳತಿಯ ಝಡ್50 ಮತ್ತು ಎಫ್‌ಟಿಝಡ್ 2 ತಗೊಂಡು, ಮಾಮಾನ 85 ಹಾಕಿ ಹೋಗಿದ್ವಿ. 395, 125, 380. ಒಟ್ಟು 900 ಗ್ರಾಂ. ಫೋಕಸ್ ಕೈಯಿಂದಲೇ, ಆದ್ರ ಯಾವುದು ಸ್ಪಷ್ಟ ಐತಿ ಅದರ ಅಂಚಿಗೆ ಬಣ್ಣ ಬಳಿದು ತೋರಿಸ್ತೈತಿ, ಅದಕ್ಕ ಫೋಕಸ್ ಪೀಕಿಂಗ್ ಅಂತಾರ. ಗಾಯಕರು ಒಂದೇ ಜಾಗದಾಗ ತಾಸುಗಟ್ಟಲೆ ಕುಂತಿರ್ತಾರ, ಅವಸರ ಇಲ್ಲ. ಸದ್ದಿಲ್ಲದ ಶಟರ್ ಹಾಕಿದ್ರ ಪಕ್ಕದವರಿಗೂ ಗೊತ್ತಾಗೋದಿಲ್ಲ. ತೊಂದರೆ ಬಂದದ್ದು ಒಂದೇ: ಎಲ್‌ಇಡಿ ಲೈಟಿನ ಕೆಳಗ ಕೆಲವು ಫೋಟೋದಾಗ ಅಡ್ಡ ಪಟ್ಟಿ ಬಿದ್ವು. ಶಟರ್ ವೇಗ ಇಳಿಸಿದ ಮ್ಯಾಲೆ ಕಡಿಮಿ ಆದ್ವು. ಆವತ್ತು ತೆಗೆದ ಒಂದು ಫೋಟೋ, ತಂಬೂರಿ ಮೀಟೋ ಹುಡುಗಿ ಕಣ್ಣು ಮುಚ್ಚಿದ್ದು, ಮಾಮಾ ಪ್ರಿಂಟ್ ಹಾಕಿಸಿ ಮನ್ಯಾಗ ಇಟ್ಟಾರ.

ಅದನ್ನೇ ಯಾಕ ತಗೊಳ್ಳಲಿಲ್ಲ ಅಂದ್ರ, ಅನ್ನ ಹಾಕೋದು ಲಗ್ನ. ಲಗ್ನದಾಗ ಯಾರೂ ತಾಸುಗಟ್ಟಲೆ ಸುಮ್ಮನ ಕುಂದ್ರೋದಿಲ್ಲ, ಮದುಮಗಳೂ ಸಹಿತ.

ಡಿ5600 ನಾನೇ ಇಟ್ಕೊಂಡಿದ್ದೀನಿ. ಅದರ ಜೊತಿ ಬಂದ 18-55ರಲ್ಲಿ ಮೋಟಾರ್ ಐತಿ, ಈ ಪಾಡ್‌ಕಾಸ್ಟಿನ ವಿಡಿಯೋ ಅದರಾಗೇ ಆಗ್ತೈತಿ. 80-200 ಮಾರಿಬಿಡ್ರಿ ಅಂತ ಮಾಮಾಗ ಹೇಳಿದೆ, ಸಂಕ್ ಕಾಸ್ಟ್ ಅಂತ ಪಾಠಾನೂ ಮಾಡಿದೆ. ಮಳೆಗಾಲಕ್ಕ ಫಂಗಸ್ ಬರಬಾರದು ಅಂತ ಹೊಸ ಸಿಲಿಕಾ ಜೆಲ್ ಪುಡಿಕೆ ತಂದು ಅದರ ಡಬ್ಬಿಯೊಳಗ ಇಟ್ಟಾರ.

ಆ ಕುಬಸದ ಮನಿಯವರಿಗೆ ಮಾಮಾ ರೊಕ್ಕ ತಗೊಳ್ಳಲಿಲ್ಲ. ಹೋದ ತಿಂಗಳು ಅವರೇ ತೊಟ್ಟಿಲಿಗೆ ಕರೆದ್ರು. ಅಜ್ಜಿ ಬಂದಿದ್ರು, ಕೂಸನ್ನ ಎತ್ತಿಕೊಂಡು ಕುಂತಿದ್ರು. ಮಾಮಾ ಡಿ7200 ಹಿಡ್ಕೊಂಡು ಅಜ್ಜಿ ಮುಂದೆ ಕುಕ್ಕರುಗಾಲಲ್ಲಿ ಕುಂತ್ರು. ನಾನು ಹಿಂದಿನಿಂದ ಫ್ಲ್ಯಾಶ್ ಹಿಡಿದಿದ್ದೆ.

ನಿಮ್ಮ ಮನ್ಯಾಗ ಯಾವ ಲೆನ್ಸ್ ಅದಾವ, ಅದರ ಹಿಂಭಾಗದ ಫೋಟೋ ಒಂದು ತೆಗೆದು ಕಳಿಸ್ರಿ. ಗೀರು ಐತೋ ಇಲ್ಲೋ ನೋಡಿ ಹೇಳ್ತೀನಿ. ಮುಂದಿನ ವಾರ ಭೇಟಿ ಆಗೋಣ, ಬರ್ತೀನ್ರಿ.