ಸಂಕೋಚ ಬೇಡ, ಚೀಟಿ ಜೋಪಾನ

(ರೋಗಿಗಳು ಮತ್ತು ಬಂಧುಗಳ ಸಭೆಯಲ್ಲಿ ಆಡಿದ ಮಾತು)



ಪಾರ್ಶ್ವವಾಯು ಬಡಿದು ಒಂದು ಕೈ, ಒಂದು ಕಾಲು ಸೋತಿದ್ದ ಯಜಮಾನರೊಬ್ಬರ ಹೆಂಡತಿಗೆ ನಾನು ಒಮ್ಮೆ ಪಿಂಚಣಿಯ ವಿಷಯ ಹೇಳಿದೆ. ಅವರು ಕಣ್ಣೀರು ತಂದುಕೊಂಡು, "ಸಿಸ್ಟರೇ, ನಮ್ಮ ಮನಿಯವ್ರನ್ನ ಅಂಗವಿಕಲ ಅಂದೇಳಿ ಬರ್ಸ್ಕಾ?" ಎಂದರು. ಈ ಸಂಕೋಚದಲ್ಲೇ ಎರಡು ವರ್ಷ ಕಳೆಯಿತು. ಅರ್ಜಿ ಹಾಕದ ತಿಂಗಳುಗಳ ಹಣ ಆಮೇಲೆ ಸಿಗುವುದಿಲ್ಲ. ಅಮ್ಮ, ಇದು ಭಿಕ್ಷೆಯಲ್ಲ, ಹಕ್ಕು.

1995ರ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಮಾನಸಿಕ ಕಾಯಿಲೆ ಇವೂ ಅದರಲ್ಲಿ ಸೇರಿವೆ. ಸಕ್ಕರೆ ಕಾಯಿಲೆ ಪಟ್ಟಿಯಲ್ಲಿಲ್ಲ. ಆದರೆ ಅದರಿಂದ ಕಾಲು ತೆಗೆದಿದ್ದರೆ, ದೃಷ್ಟಿ ಹೋಗಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

ಎಲ್ಲಕ್ಕೂ ಮೊದಲ ಮೆಟ್ಟಿಲು ಯು.ಡಿ.ಐ.ಡಿ. ಕಾರ್ಡು. ಇದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಸರಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ವೈಕಲ್ಯ ಶೇಕಡಾ ಎಷ್ಟೆಂದು ಬರೆಯುತ್ತಾರೆ. ಪಿಂಚಣಿಗೆ ಕನಿಷ್ಠ ಶೇ. 40 ಇರಬೇಕು. ಶೇ. 40ರಿಂದ 75ರವರೆಗಿನವರ ಮಾಸಾಶನ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದವರಿಗೆ ಮೊತ್ತವೂ ಹೆಚ್ಚು. ಕುಟುಂಬದ ವರಮಾನಕ್ಕೆ ಮಿತಿ ಇದೆ.

ಕಾರ್ಡು ಬಂದ ಮೇಲೆ ನಿಮ್ಮ ಹೋಬಳಿಯ ನಾಡಕಚೇರಿಗೆ ಹೋಗಿ. ವಂಡ್ಸೆಯವರು ವಂಡ್ಸೆಗೆ, ಕೋಟದವರು ಕೋಟಕ್ಕೆ, ಬೈಂದೂರಿನವರು ಬೈಂದೂರಿಗೆ. ಜೊತೆಗೆ ಇವು ಇರಲಿ:

1. ಯು.ಡಿ.ಐ.ಡಿ. ಕಾರ್ಡು, ಆಧಾರ್, ರೇಶನ್ ಕಾರ್ಡು
2. ಆದಾಯ ಪ್ರಮಾಣಪತ್ರ
3. ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರ

ದಾರಿ ಗೊತ್ತಾಗದಿದ್ದರೆ ಗ್ರಾಮ ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಕಲಚೇತನರಿಗೆ ನೆರವಾಗುವುದೇ ಅವರ ಕೆಲಸ. ಮಧ್ಯವರ್ತಿಗಳ ಕೈಗೆ ಹಣ ಕೊಡಬೇಡಿ.

ವೈಕಲ್ಯವಿಲ್ಲದೆ ಬಹುಕಾಲದ ಕಾಯಿಲೆ ಇರುವವರಿಗೂ ದಾರಿಯಿದೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಕ್ಷಯರೋಗಿಗಳಿಗೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ.

ಕೊನೆಯದಾಗಿ ಒಂದು ಮಾತು. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ರಕ್ತಪರೀಕ್ಷೆಯ ವರದಿ ಯಾವುದನ್ನೂ ಎಸೆಯಬೇಡಿ. ಮಳೆಗಾಲದಲ್ಲಿ ಒದ್ದೆಯಾಗದಂತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನಾಳೆ ವೈದ್ಯರ ಮುಂದೆ ನಿಮ್ಮ ಪರವಾಗಿ ಮಾತನಾಡುವುದು ಆ ಕಾಗದಗಳೇ.

ಸಂದೇಹವಿದ್ದರೆ ಮನೆಗೆ ಹೊರಡುವ ಮುಂಚೆ ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ. ಕೇಳಲು ನಾಚಿಕೆ ಬೇಡ.